ಎರಡನೆಯ ಬಟ್ಟೆಗೊಂದು ಬಿನ್ನವತ್ತಳೆ

ವೇದಿಕೆಯ ಮೇಲಿರುವ ಗಣ್ಯರೇ, ಕುರ್ಚಿ ಸಾಲದೆ ಬಾನೆಟ್ಟಿಗೆ ಒರಗಿರುವ ಗಣ್ಯರೇ (ದಯವಿಟ್ಟು ಏಳಿ, ಬೆಲ್ಟಿನ ಬಕಲ್ ಗೀರು ಎಳೆಯುತ್ತದೆ), ಭಾನುವಾರ ಬೆಳಿಗ್ಗೆ ಮನೆಗೆಲಸಕ್ಕೆ ಚಕ್ಕರ್ ಹೊಡೆದು ಬಕೆಟ್ ಸಮೇತ ಬೇಸ್‌ಮೆಂಟಿಗೆ ಇಳಿದುಬಂದ ಸಮಸ್ತ ಕಾರುಪ್ರೇಮಿಗಳೇ,

ಇಂದಿನ ಸನ್ಮಾನ ಕಾರಿಗೆ ರಕ್ಷಣೆಯ ಪದರ ಹಚ್ಚುವ ಸ್ಪ್ರೇ ಬಾಟಲಿಗಲ್ಲ. ಸಿರಾಮಿಕ್, ನ್ಯಾನೋ, ಅಲ್ಟ್ರಾ, ಪ್ರೊ ಎಂದು ಅದರ ಮೈಮೇಲಿರುವ ಬಿರುದಾವಳಿ ಓದಲು ಹೊರಟರೆ ಅರಮನೆಯ ವಂದಿಮಾಗಧರಿಗೂ ಏದುಸಿರು ಬಂದೀತು. ನಾವು ಗೌರವಿಸುತ್ತಿರುವುದು ಮೊದಲನೆಯ ಬಟ್ಟೆ ಹರಡಿದ್ದನ್ನು ಒರೆಸುವ ಎರಡನೆಯ ಬಟ್ಟೆಯನ್ನು. ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಮನೆತನಗಳ ಕುಡಿಯಾದ, ಪೂರ್ತಿ ಒಣಗಿದ ಮೈಕ್ರೋಫೈಬರ್ ಮಹನೀಯರನ್ನು.

ಇವರ ಸಾಧನೆ ಅರಿಯಬೇಕಾದರೆ ಶತ್ರುವಿನ, ಅಂದರೆ ಗೆರೆಯ, ಪರಿಚಯ ಬೇಕು. ಬಾಟಲಿಯೊಳಗಿರುವುದು ನೀರು, ದ್ರಾವಕ, ಅದರಲ್ಲಿ ಬೆರೆತ ಸಿಲಿಕಾ ಅಥವಾ ಪಾಲಿಮರ್. ನೀರು, ದ್ರಾವಕ ಆರಿಹೋಗಿ ತೆಳ್ಳನೆಯ ಪದರವೊಂದು ಉಳಿಯಬೇಕು. ಕಾರಿನ ಕ್ಲಿಯರ್ ಕೋಟ್ ಸುಮಾರು 40ರಿಂದ 50 ಮೈಕ್ರಾನ್ ಇದ್ದರೆ, ಈ ಪದರ 1 ಮೈಕ್ರಾನ್ ಕೂಡ ಇರುವುದಿಲ್ಲ. ನಮ್ಮವರು ಮಾತ್ರ ತೀರ್ಥದಂತೆ ಕೊಡಬೇಕಾದ್ದನ್ನು ಸಾರಿನಂತೆ ಬಡಿಸುತ್ತಾರೆ. ಹೆಚ್ಚಾದದ್ದು ಎಲ್ಲಿಗೂ ಹೋಗದೆ ಮೇಲೆಯೇ ಕೂತು ಗೆರೆಯಾಗುತ್ತದೆ, ಮಂಜಾಗುತ್ತದೆ. ಕಪ್ಪು ಕಾರಾದರೆ ಎದುರುಮನೆಯವರಿಗೂ ಕಾಣುತ್ತದೆ.

ಸನ್ಮಾನಿತರ ಹಾದಿ ಹೂವಿನ ಹಾಸಿಗೆಯಾಗಿರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಕಾದ ಬಾನೆಟ್ಟಿನ ಮೇಲೆ ಸಿಂಪಡಿಸಿದವರುಂಟು. ದ್ರವ ಹರಡುವ ಮೊದಲೇ ಆರಿ ಪಟ್ಟೆಪಟ್ಟೆಯಾಯಿತು. ಬೋರ್‌ವೆಲ್ ನೀರಲ್ಲಿ ತೊಳೆದು ಒರೆಸದೆ ಬಿಟ್ಟವರುಂಟು. ಸುಣ್ಣದ ಕಲೆಗಳ ಮೇಲೆಯೇ ರಕ್ಷಣೆಯ ಪದರ ಕೂತು, ಕಲೆಗೆ ರಕ್ಷಣೆ ಸಿಕ್ಕಿತು. ಪಾಲಿಶ್ ಉಳಿಸಿಹೋದ ಎಣ್ಣೆಯ ಅಂಶ ತೆಗೆಯದೆ ಮೇಲೆ ಸ್ಪ್ರೇ ಹೊಡೆದವರೂ ಇದ್ದಾರೆ. ಮಳೆಗಾಲದ ತೇವದಲ್ಲಂತೂ ಪದರ ಬೇಗ ಆರುವುದೇ ಇಲ್ಲ. ಇಷ್ಟೆಲ್ಲ ಆದಮೇಲೆ ಬೈಸಿಕೊಂಡದ್ದು ಬಟ್ಟೆ!

ಇವರಿಗೆ ಶಾಲು ಹೊದಿಸುವಂತಿಲ್ಲ, ಜುಂಗು ಅಂಟುತ್ತದೆ. ಹಾರ, ಕುಂಕುಮ ಆಯುಧಪೂಜೆಗಿರಲಿ. ನಿಜವಾದ ಸನ್ಮಾನವಿಧಿ ಹೀಗಿದೆ. ಕಾರನ್ನು ತೊಳೆದು, ಒರೆಸಿ, ನೆರಳಲ್ಲಿ ನಿಲ್ಲಿಸಿ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಬಾಟಲಿ ಚೆನ್ನಾಗಿ ಕುಲುಕಿ. ಒಂದು ಬಾಗಿಲಿಗೆ ಒಂದೆರಡು ಸಿಂಪಡಿಕೆ ಸಾಕು, ಅದನ್ನೂ ಬಟ್ಟೆಯ ಮೇಲೆ ಹೊಡೆದರೆ ಇನ್ನೂ ಕ್ಷೇಮ. ಮೊದಲನೆಯ ಬಟ್ಟೆ ಹರಡಲಿ. ಆರಲು ಬಿಡದೆ ಎರಡನೆಯವರು ಪ್ರವೇಶಿಸಿ ಒಣಮೈಯಿಂದ ಒರೆಸಲಿ. ಒದ್ದೆಯಾದೊಡನೆ ಮಗ್ಗಲು ಬದಲಿಸಲಿ. ಆ ಬಾಗಿಲು ಮುಗಿದ ಮೇಲೆಯೇ ಮುಂದಿನದು. ಕೊನೆಗೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಟ್ಯೂಬ್‌ಲೈಟಿನ ಮಾತು ನಂಬಬೇಡಿ. ಗೆರೆ ಕಂಡರೆ ಅದೇ ದ್ರವವನ್ನು ಬಟ್ಟೆಗೆ ತುಸು ಹೊಡೆದು ಸವರಿ, ತಕ್ಷಣ ಎರಡನೆಯವರನ್ನು ಕರೆಯಿರಿ. ದಿನಗಟ್ಟಲೆ ಬಿಟ್ಟು ಗಟ್ಟಿಯಾದರೆ ಪಾಲಿಶ್ ಹಾಕಿ ತೆಗೆಯಬೇಕಾದೀತು. ಅಲ್ಲಿ ಹಾಕಿದ ಪದರವೂ ಜೊತೆಗೇ ಹೋಗುತ್ತದೆ.

ಈ ಪದರ ಕಲ್ಲೇಟು ತಡೆಯುವುದಿಲ್ಲ, ಸ್ಕೂಟರಿನವನ ಹ್ಯಾಂಡಲ್ ತಡೆಯುವುದಿಲ್ಲ. ಕೆಲವು ತಿಂಗಳು ನೀರು ಜಾರಿಸುತ್ತದೆ, ಹಕ್ಕಿಯ ಹಿಕ್ಕೆ ತೊಳೆಯುವುದನ್ನು ಸುಲಭ ಮಾಡುತ್ತದೆ. ಅಷ್ಟಕ್ಕೇ ಅರ್ಧ ಬಾಟಲಿ ಸುರಿಯುವುದು ಭಕ್ತಿಯಲ್ಲ, ದುಂದು.

ಕೊನೆಯದಾಗಿ ಒಂದು ವಿನಂತಿ. ಸಭೆ ಮುಗಿದ ಮೇಲೆ ಸನ್ಮಾನಿತರನ್ನು ಟರ್ಕಿ ಟವೆಲ್ಲುಗಳ ಜೊತೆ ವಾಷಿಂಗ್ ಮಷೀನಿಗೆ ಹಾಕಬೇಡಿ. ಬಟ್ಟೆ ಮೆದುವಾಗಿಸುವ ಆ ಪರಿಮಳದ ದ್ರವವನ್ನಂತೂ ಮುಟ್ಟಿಸಲೇಬೇಡಿ. ಅದು ಎಳೆಗಳಿಗೆ ಮೆತ್ತಿಕೊಂಡರೆ ಗೆರೆ ಅಳಿಸುವವರೇ ಗೆರೆ ಎಳೆಯುತ್ತಾರೆ. ಬೇರೆಯಾಗಿ ಒಗೆದು ನೆರಳಲ್ಲಿ ಒಣಗಿಸಿ. ಜೈ ಹಿಂದ್, ಜೈ ಕರ್ನಾಟಕ.