ಹೆತ್ತೂರು ಹೋಬಳಿಯ ಸ್ತ್ರೀಪ್ರೋತ್ಸಾಹ ಮೀಮಾಂಸೆ: ಒಂಬತ್ತನೇ ಕಾಲಮಿನ ವಿಶೇಷ ಪರಾಮರ್ಶೆಯೊಡನೆ

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯಲ್ಲಿ ಹೆಣ್ಣುಮಕ್ಕಳಿಗೆ ಸಿಗುವ ಪ್ರೋತ್ಸಾಹ ಯಾವ ಕಾಲದಲ್ಲಿ ಸುರಿಯುತ್ತದೆ, ಎಷ್ಟು ಸುರಿಯುತ್ತದೆ, ಸುರಿದದ್ದು ಯಾವ ಹಳ್ಳ ಸೇರುತ್ತದೆ ಎಂಬುದನ್ನು ಶೋಧಿಸುವುದೇ ಪ್ರಸ್ತುತ ಪ್ರಬಂಧದ ಗುರಿ. ಈ ಸೀಮೆಯ ಪ್ರತಿ ತೋಟದ ಮನೆಯಲ್ಲೂ ಮಳೆಯನ್ನು ಇಂಚು ಸೆಂಟುಗಳಲ್ಲಿ ಬರೆದಿಡುವ ಡೈರಿಯಿದೆ. ಪ್ರೋತ್ಸಾಹಕ್ಕೆ ಅಂಥದೊಂದು ಮಾಪಕ ಇಲ್ಲದಿರುವುದು ವಿದ್ವಲ್ಲೋಕದ ದೊಡ್ಡ ಕೊರತೆಯಾಗಿದ್ದು, ಅದನ್ನು ನೀಗಲು ಲೇಖಕನು ಸೊಂಟ ಕಟ್ಟಿದ್ದಾನೆ.

ಮೊದಲು ಋತುವಿಚಾರ. ಪ್ರೋತ್ಸಾಹವು ಹೂಮಳೆಯ ಜೊತೆಜೊತೆಗೇ, ಅಂದರೆ ಮಾರ್ಚ್ 8ರ ಆಸುಪಾಸಿನಲ್ಲಿ ಬೀಳುತ್ತದೆ. ಆಗ ರೋಬಸ್ಟಾ ಕುಯ್ಲು ಮುಗಿಯುತ್ತಾ ಬಂದಿರುವುದರಿಂದ ಹೆಂಗಸರಿಗೆ ಬಿಡುವಿರುತ್ತದೆ ಎಂಬುದು ಗಂಡಸರ ಮತ. (ಈ ಮತಕ್ಕೆ ಹೆಂಗಸರ ಕಡೆಯಿಂದ ಒಂದೇ ಒಂದು ಪುರಾವೆಯೂ ಲಭ್ಯವಾಗಿಲ್ಲ.) ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ, ಗಂಡಸರಿಂದ ಭಾಷಣ ಇವು ಇದರ ಚತುರಂಗಗಳು. ಭಾಷಣದ ಸಾರ: ಹೆಣ್ಣು ಇನ್ನು ಮುಂದೆ ದುಡಿಯಲು ಹೊರಡಬೇಕು. ಕೇಳುತ್ತ ಕುಳಿತವರು ಡಿಸೆಂಬರಿನಿಂದ ಕಾಫಿ ಕಣದಲ್ಲಿ ನಿಂತು ಅಂಗಾಲು ಒಡೆಸಿಕೊಂಡವರು.

ಕಣದ ವಿಚಾರ ಬಂದದ್ದರಿಂದ ಒಂದು ಕ್ಷೇತ್ರಕಾರ್ಯದ ವರದಿ. ಮಧ್ಯಾಹ್ನ, ಬಿಸಿಲು ಚುರುಕು. ಮನೆಯಾಕೆ ಒಣಗುತ್ತಿರುವ ಚೆರಿಯನ್ನು ಕಾಲಲ್ಲೇ ಸಾಲು ಹೊಡೆಯುತ್ತ ತಿರುವಿ, ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಗಲಗಲ ಎಂದರೆ ಒಣಗಿದೆ. ಇನ್ನೂ ಮಂಕಾಗಿದ್ದರೆ ಸಂಜೆ ಇಬ್ಬನಿ ಬೀಳುವ ಮೊದಲೇ ಟಾರ್ಪಾಲು. ಅಷ್ಟರಲ್ಲಿ ವ್ಯಾಪಾರಿಯ ಜೀಪು.

"ಗೌಡ್ರಿಲ್ವಾ ಅಕ್ಕಾ?"

"ಸಕ್ಲೇಶ್ಪುರಕ್ಕೆ ಹೋಗವ್ರೆ. ಔಟ್‌ಟರ್ನ್ ಎಷ್ಟು ಹಿಡೀತೀರಿ, ಅದು ಹೇಳಿ." (ಔಟ್‌ಟರ್ನ್ ಎಂದರೆ ಒಣಗಿದ ಚೆರಿಯಿಂದ ಇಳಿಯುವ ಬೀಜದ ಪ್ರಮಾಣ.)

"ಗೌಡ್ರ ಹತ್ರನೇ ಮಾತಾಡ್ತೀನಿ ಬಿಡಿ."

ಆಕೆ ಒಳಗೆ ಹೋಗಿ ಫೋನ್ ಮಾಡುತ್ತಾರೆ. ಯಜಮಾನರು ಆ ಕಡೆಯಿಂದ "ಎಷ್ಟಕ್ಕೆ ಕೊಡಣ?" ಎಂದು ಕೇಳುತ್ತಾರೆ. ಆಕೆ ದರ ಹೇಳುತ್ತಾರೆ. ಎರಡು ನಿಮಿಷದಲ್ಲಿ ವ್ಯಾಪಾರಿಯ ಫೋನು ಬಡಿದು, ಅದೇ ದರ ಗಡುಸಾದ ಕಂಠದಲ್ಲಿ ಕೇಳಿಸುತ್ತದೆ. "ಆಯ್ತು ಗೌಡ್ರೆ, ನಿಮ್ ಮಾತಿಗೆ ಎರಡಿಲ್ಲ." ಹೆತ್ತೂರಿನಲ್ಲಿ ಹುಟ್ಟಿದ ಬೆಲೆ ಸಕಲೇಶಪುರಕ್ಕೆ ಹೋಗಿ, ಮೀಸೆ ಹಚ್ಚಿಕೊಂಡು, ಹೆತ್ತೂರಿಗೇ ಮರಳಿತು. ಆನಂದವರ್ಧನನು ಧ್ವನಿಸಿದ್ಧಾಂತಕ್ಕೆ ನಿದರ್ಶನ ಹುಡುಕಿ ಕಾಶ್ಮೀರದಲ್ಲೇ ಉಳಿದದ್ದು ಅಲಂಕಾರಶಾಸ್ತ್ರಕ್ಕಾದ ನಷ್ಟ.

ಇಲ್ಲಿ ಪೂರ್ವಪಕ್ಷ ಏಳುತ್ತದೆ: ವ್ಯವಹಾರಕ್ಕೆ ಚಾಕಚಕ್ಯತೆ ಬೇಕು, ಅದು ತರಬೇತಿಯಿಲ್ಲದೆ ಹೆಣ್ಣಿಗೆ ಬಾರದು, ಎಂದು. ಇದಕ್ಕೆ ಉತ್ತರ ಕಾಫಿಯ ಚರಿತ್ರೆಯಲ್ಲೇ ಇದೆ. ಕೊಡಗಿನ ತೋಟಗಾರರೊಬ್ಬರ ಕೈಹಿಡಿದು, ಎಳೆ ವಯಸ್ಸಿಗೇ ವಿಧವೆಯಾದ ಸಾಕಮ್ಮನವರು ತೋಟದ ಆಡಳಿತ ತಾವೇ ನಡೆಸಿದರು. ಆಮೇಲೆ ಬೆಂಗಳೂರಿನ ಬಸವನಗುಡಿಯಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿ 'ಕಾಫಿಪುಡಿ ಸಾಕಮ್ಮ' ಎಂದೇ ಮನೆಮಾತಾದರು. 1928ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಕುಳಿತರು. ಮಹಾರಾಜರಿಂದ 'ಲೋಕಸೇವಾಪರಾಯಿಣಿ' ಬಿರುದು ಪಡೆದರು. ತೋಟ ಕೈಗೆ ಬರುವ ಮೊದಲು ಅವರಿಗೆ ಯಾರೂ ಕಾರ್ಯಾಗಾರ ನಡೆಸಿದಂತಿಲ್ಲ. ಗಂಡ ತೀರಿಕೊಂಡದ್ದಕ್ಕೂ ಹೆಂಡತಿಯ ಚಾಕಚಕ್ಯತೆ ಬೆಳಕಿಗೆ ಬಂದದ್ದಕ್ಕೂ ಇರುವ ಕಾರ್ಯಕಾರಣ ಸಂಬಂಧವನ್ನು, ಹೋಬಳಿಯ ವಿವಾಹಿತ ಪುರುಷರ ಮನಶ್ಶಾಂತಿಯ ದೃಷ್ಟಿಯಿಂದ, ಇಲ್ಲಿ ಬೆಳೆಸಿಲ್ಲ.

ಇನ್ನೊಂದು ಉದಾಹರಣೆ ಸುನಾಲಿನಿ ಮೆನನ್. 1972ರಲ್ಲಿ ಕಾಫಿ ಮಂಡಳಿ ಸೇರಿ, ಕಾಫಿಯ ರುಚಿ ಹೇಳುವ ವೃತ್ತಿಯಲ್ಲಿ ಏಷ್ಯಾಕ್ಕೇ ಮೊದಲ ಮಹಿಳೆ ಎನಿಸಿ, ಮುಂದೆ ಬೆಂಗಳೂರಿನಲ್ಲಿ ಸ್ವಂತ ಪ್ರಯೋಗಾಲಯ ತೆರೆದವರು. ನಾಲಿಗೆಗೆ ಪಹಣಿ ಬೇಕಿಲ್ಲ ಎಂಬುದನ್ನು ಗಮನಿಸತಕ್ಕದ್ದು.

ಹೀಗೆ ಪ್ರಬಂಧದ ಹೃದಯಭಾಗವಾದ ಪಹಣಿಗೆ ಬಂದೆವು. ಪಹಣಿಯ ಒಂಬತ್ತನೇ ಕಾಲಮಿನಲ್ಲಿ ಒಡೆಯನ ಹೆಸರು. ಹನ್ನೊಂದರಲ್ಲಿ ಸಾಲ, ಋಣ. ಗ್ರಂಥಸಂಪಾದನೆಯ ಕಣ್ಣಿನಿಂದ ನೋಡಿದರೆ ಒಂಬತ್ತನೆಯದು ಬಹು ಶುದ್ಧವಾದ ಪಾಠ: ಅಜ್ಜ, ಅಪ್ಪ, ಮಗ. ನಡುವೆ ಅಜ್ಜಿಯಾಗಲಿ ಅವ್ವನಾಗಲಿ ಪ್ರಕ್ಷಿಪ್ತವಾಗಿ ಕೂಡ ನುಸುಳುವುದು ಅಪರೂಪ. ತಾಳೆಗರಿಯಾಗಿದ್ದರೆ ಗೆದ್ದಲು ತಿಂತು, ಲಿಪಿಕಾರ ತೂಕಡಿಸಿದ ಎನ್ನಬಹುದಿತ್ತು. 'ಭೂಮಿ' ತಂತ್ರಾಂಶ ಬಂದು ಎಲ್ಲ ಗಣಕೀಕೃತವಾದ ಮೇಲೆ ಆ ದಾರಿಯೂ ಮುಚ್ಚಿದೆ. ಬೆಳೆಸಾಲಕ್ಕೂ ಇದೇ ಹಾಳೆ, ಕಾಫಿ ಮಂಡಳಿಯ ಸಹಾಯಧನಕ್ಕೂ ಇದೇ ಹಾಳೆ. ಶಾಲು ಹೊದ್ದವಳಾಗಲಿ ಸ್ಮರಣಿಕೆ ಹಿಡಿದವಳಾಗಲಿ ಬ್ಯಾಂಕಿಗೆ ಹೋದರೆ ಮ್ಯಾನೇಜರು ಕೇಳುವುದು ಇದನ್ನೇ.

ಶಾಸನದಲ್ಲಿ ಲೋಪವಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂಬ ಕರ್ನಾಟಕದ ತಿದ್ದುಪಡಿ, ಅಂದಿನ ಅವಿವಾಹಿತೆಯರ ಮಟ್ಟಿಗೆ, 30 ಜುಲೈ 1994ರಂದೇ ಜಾರಿಗೆ ಬಂತು. ದೇಶಕ್ಕೆಲ್ಲ 2005ರಲ್ಲಿ. ಅಪ್ಪ ಅಂದು ಬದುಕಿದ್ದನೋ ಇಲ್ಲವೋ ಎಂಬ ತಕರಾರನ್ನು ಸುಪ್ರೀಂ ಕೋರ್ಟು 2020ರಲ್ಲಿ ಬಗೆಹರಿಸಿತು. ಇಷ್ಟು ಬಲವಾದ ಶಾಸ್ತ್ರಕ್ಕೆ ಲೋಕರೂಢಿ ಕಂಡುಕೊಂಡ ಪರಿಹಾರ ಹಕ್ಕು ಬಿಡುಗಡೆ ಪತ್ರ. ಅಣ್ಣನು ತಂಗಿಗೆ ಫೋನ್ ಮಾಡಿ "ಒಂದು ಸಹಿ ಅಷ್ಟೇ ಕಣವ್ವ, ಹಂಗೇ ಊಟ ಮಾಡ್ಕಂಡ್ ಹೋಗಿವಂತೆ" ಎನ್ನುತ್ತಾನೆ. ತಂಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟೊತ್ತಿ, ಅರಿಶಿನ ಕುಂಕುಮ, ಒಂದು ಸೀರೆ ಪಡೆದು, ತವರಿನ ಬಾಗಿಲು ತೆರೆದಿಟ್ಟುಕೊಳ್ಳುತ್ತಾಳೆ. 11 ಜೂನ್ 2023ರಿಂದ ಈಚೆಗೆ, ಹಕ್ಕು ಬಿಡಲು ಹೋಗುವ ಸರ್ಕಾರಿ ಬಸ್ಸಿನಲ್ಲಿ ಆಕೆ ಟಿಕೆಟ್ಟಿನ ದುಡ್ಡನ್ನೂ ಕೊಡಬೇಕಿಲ್ಲ.

ಸಾಲದ ಮಟ್ಟಿಗೆ ಮಾತ್ರ ಹೆಣ್ಣು ಪರಿಪೂರ್ಣ ಉದ್ಯಮಿ. 2000ದ ಇಸವಿಯಲ್ಲಿ ಸ್ತ್ರೀಶಕ್ತಿ ಸಂಘಗಳು ಶುರುವಾದ ಮೇಲೆ, ಪಹಣಿ ಕೇಳದೆ ಬರೀ ಮುಖ ನೋಡಿ ಸಾಲ ಕೊಡಬಹುದೆಂಬುದೂ, ಕೊಟ್ಟರೆ ಕಂತು ತಪ್ಪದೆಂಬುದೂ ಊರೂರಿಗೆ ಗೊತ್ತಾಯಿತು. ಸಂಘದ ಸಾಲದಲ್ಲಿ ಬಂದ ಕಳೆ ಕೊಚ್ಚುವ ಯಂತ್ರ ಯಜಮಾನರ ಹೆಗಲ ಮೇಲೆ. ಕಂತು ಯಜಮಾನಿಯ ಹೆಗಲ ಮೇಲೆ. ಸಮಪಾಲು ಎಂದರೆ ಇದೇ ಎಂದು ವಾದಿಸುವವರೂ ಉಂಟು.

ಈ ಎಲ್ಲ ಆಧಾರಗಳಿಂದ ಲೇಖಕನು ಒಂದು ಪ್ರಯೋಗವನ್ನು ಪ್ರತಿಪಾದಿಸುತ್ತಾನೆ. ಪ್ರೋತ್ಸಾಹಕರು ಬರುವ ಮಾರ್ಚಿಗೆ ಶಾಲಿನ ಬದಲು ಮಡದಿಯ ಹೆಸರಿಗೆ ಒಂದೊಂದು ಎಕರೆಯ ದಾನಪತ್ರ ಮಾಡಿಸಲಿ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿಯಿದೆ. ಒಂಬತ್ತನೇ ಕಾಲಮಿನಲ್ಲಿ ಜಾಗವೂ ಇದೆ.

ಈ ಸಲಹೆಯನ್ನು ಸನ್ಮಾನದ ಸಭೆಯಲ್ಲಿ ಮಂಡಿಸಿದ ಕ್ಷಣವೇ ಊಟಕ್ಕೆ ಹೊತ್ತಾಯಿತೆಂಬ ಪ್ರಕಟಣೆ ಹೊರಟಿತು. ಆ ದಿನದ ಸನ್ಮಾನಿತೆಯರು ಶಾಲು ಮಡಿಚಿಟ್ಟು ಕಡುಬು ಬಡಿಸತೊಡಗಿದರು. ಪಕ್ಕದ ಎಲೆಯ ಹಿರಿಯರು, ಪ್ರಗತಿಪರರೆಂದು ಹೆಸರಾದವರು, ಕೋಳಿಸಾರು ಕಲಸುತ್ತ ಕೇಳಿದರು:

"ಅಲ್ಲ ಸ್ವಾಮಿ, ಒಂದೆಕ್ರೆ ಅಂದ್ರಲ್ಲ, ಗದ್ದೇಲೋ ತೋಟದಲ್ಲೋ?"

"ತೋಟದಲ್ಲೇ ಗೌಡ್ರೆ."

"ಕೊಡಣ ಬಿಡಿ, ಅದಕ್ಕೇನಂತೆ. ಕಾಡಿನ ಮಗ್ಗುಲಿಗೆ, ಆನೆ ದಾಟೋ ಕಡೆ, ಒಂದೆಕ್ರೆ ಐತೆ."