ಹಕೀಮನ ಊರಲ್ಲಿ ಭಾವನ ಸಿಟ್ಟು

ನಂಜನಗೂಡು ಬಸ್‌ಸ್ಟ್ಯಾಂಡ್, 2025ರ ಸೆಪ್ಟೆಂಬರ್. ನರಸೀಪುರದ ಬಸ್ಸಿಗೆ ಕಾದಿದ್ದ ಭಾವ, ಭಾಮೈದನ ಬಾಳೆಹಣ್ಣಿನ ಗಾಡಿ ಮುಂದೆ ಮೊಬೈಲ್ ಹಿಡಿದು ಕೆಂಡವಾಗಿದ್ದರು.

“ದಸರಾನ ಬಾನು ಮುಷ್ತಾಕ್ ಉದ್ಘಾಟಿಸ್ತಾರಂತೆ ಕಣ್ಲಾ!”

“ಅವ್ರ ಕಥೆ ಓದಿದ್ದೀರಾ ಭಾವ?”

“ಓದ್ತಾ ಕೂತ್ರೆ ವಿರೋಧ ಮಾಡಕ್ಕೆ ಪುರುಸೊತ್ತೆಲ್ಲಿ?”

“ಬೂಕರ್ ಗೆದ್ದ ಪುಸ್ತಕದಲ್ಲಿ ಇರೋದು 12 ಕಥೆ. ನೀವು ಬೆಳಗಿಂದ ಫಾರ್ವರ್ಡ್ ಮಾಡಿದ್ದೇ ಅದಕ್ಕಿಂತ ಜಾಸ್ತಿ. 2017ರಲ್ಲಿ ಕವಿ ನಿಸಾರ್ ಅಹಮದ್ ದಸರಾ ಉದ್ಘಾಟಿಸಿದಾಗ ಎಲ್ಲಿದ್ರಿ?”

“ಆಗ ನಂದು ಬಟನ್ ಫೋನು.”

“ಇವತ್ತು ಬಂದಿದ್ದು?”

“ಕಣ್ಣು ಮಂಜು. ಹಕೀಮ್ ನಂಜುಂಡನಿಗೆ ಹರಕೆ ಇತ್ತು.”

“ಹಕೀಮ್ ಅಂದ್ರೆ?”

ಭಾವ ನಿಧಾನವಾಗಿ ಸಿಪ್ಪೆ ಸುಲಿದರು. “ವೈದ್ಯ ಕಣ್ಲಾ. ನಂಜುಂಡನಿಂದ ಟಿಪ್ಪು ಆನೆಗೆ ಕಣ್ಣು ಬಂತಂತೆ, ಅದಕ್ಕೆ ಟಿಪ್ಪು ಪಚ್ಚೆ ಲಿಂಗ ಕೊಟ್ಟನಂತೆ. ಅದು ಹಳೇದು ಬುಡು. ಹಳೇದೆಲ್ಲ ಸಂಸ್ಕೃತಿ.”

“ಹಂಗಾದ್ರೆ ಇನ್ನೂರು ವರ್ಷ ತಡೀರಿ. ಬಾನು ಅವರೂ ಹಳಬರಾಗ್ತಾರೆ.”

“ಇದು ರಸಬಾಳೆ ತಾನೆ?”

“ಬೋರ್ಡು ಮಾತ್ರ ರಸಬಾಳೆ. ಹಣ್ಣು ಏಲಕ್ಕಿ. ನೀವೂ ಬೋರ್ಡ್ ಓದೇ ಅಲ್ವಾ ಜಗಳಕ್ಕೆ ನಿಂತಿರೋದು?”

ಬಾನು ಉದ್ಘಾಟಿಸುವುದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಅದೇ ತಿಂಗಳ 19ರಂದು ಸುಪ್ರೀಂ ಕೋರ್ಟು ವಜಾ ಮಾಡಿತು. 22ರಂದು ಬಾನು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಪುಸ್ತಕ ಮಾತ್ರ ಭಾವನ ಮನೆಗೆ ಇನ್ನೂ ಬಂದಿಲ್ಲ.