ಸ್ಪೇಸ್‌ಬಾರ್ ಸಾರ್ವಭೌಮ

ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಸರಿ, ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಇವರು ಸಿಗುತ್ತಾರೆ. ಊರಿಗೆಲ್ಲ ‘ಡಿಟಿಪಿ ಅಣ್ಣ’. ಅವರ ಕೀಬೋರ್ಡಿನಲ್ಲಿ ಸ್ಪೇಸ್‌ಬಾರ್ ಸವೆದು ಹೊಳೆಯುತ್ತಿರುತ್ತದೆ. ಟ್ಯಾಬ್ ಕೀಲಿಯ ಮೇಲೆ ಮಾತ್ರ ಧೂಳು.

ಅಫಿಡವಿಟ್ಟಿನಲ್ಲಿ ‘ಹೆಸರು’, ‘ತಂದೆಯ ಹೆಸರು’, ‘ಸರ್ವೆ ನಂಬರ್’ ಎಂದು ಒಂದರ ಕೆಳಗೊಂದು ಬರೆದು ಎದುರಿನ ಕೋಲನ್‌ಗಳನ್ನು ನೇರಕ್ಕೆ ತರಬೇಕು. ಅಣ್ಣ ಸ್ಪೇಸ್ ಹೊಡೆಯುತ್ತಾರೆ, ಹೊಡೆಯುತ್ತಲೇ ಇರುತ್ತಾರೆ. ಆಮೇಲೆ ಕುರ್ಚಿ ಹಿಂದೆ ಸರಿಸಿ, ತೂಗುಗುಂಡು ಬಿಟ್ಟ ಮೇಸ್ತ್ರಿಯ ಹಾಗೆ ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಒಂದು ಸ್ಪೇಸ್ ತೆಗೆದರೆ ಕೋಲನ್ ಈಚೆ, ಹಾಕಿದರೆ ಆಚೆ. ಅದಕ್ಕೂ ಮದ್ದಿದೆ: ಕೊನೆಯ ಆ ಒಂದೇ ಸ್ಪೇಸನ್ನು ಸೆಲೆಕ್ಟ್ ಮಾಡಿ ಅದರ ಗಾತ್ರವನ್ನು 14ರಿಂದ 6 ಪಾಯಿಂಟಿಗೆ ಇಳಿಸುತ್ತಾರೆ. ಕಾಣದ ಅಕ್ಷರಕ್ಕೂ ಉಪವಾಸ! ಈ ವಿದ್ಯೆಯನ್ನು ಯಾವ ಕಂಪ್ಯೂಟರ್ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ.

ಅಣ್ಣ ಪಳಗಿದ್ದು ಟೈಪ್‌ರೈಟರಿನಲ್ಲಿ. ಅಲ್ಲಿ ಒತ್ತಕ್ಷರದಂಥ ಕೆಲವು ಕೀಲಿ ಬಿಟ್ಟರೆ ಪ್ರತಿ ಹೊಡೆತಕ್ಕೂ ಕ್ಯಾರೇಜ್ ಒಂದೇ ಅಳತೆ ಸರಿಯುತ್ತಿತ್ತು, ಎಣಿಸಿ ಹೊಡೆದರೆ ಸಾಲು ತಪ್ಪುತ್ತಿರಲಿಲ್ಲ. ಕಂಪ್ಯೂಟರ್ ಫಾಂಟಿನಲ್ಲಿ ‘ರ’ ಬೇಡುವ ಜಾಗವೇ ಬೇರೆ, ‘ಮಾ’ ಬೇಡುವ ಜಾಗವೇ ಬೇರೆ. ಎಣಿಕೆ ಕೆಟ್ಟಿತು, ಕೈ ಕೆಡಲಿಲ್ಲ.

ಟ್ಯಾಬನ್ನು ಅವರು ಪ್ರಯತ್ನಿಸಿಲ್ಲವೆಂದಲ್ಲ. ನಾವು ಬೇರೆ ಹೇಳದಿದ್ದರೆ ವರ್ಡ್‌ನಲ್ಲಿ ಟ್ಯಾಬ್ ಅರ್ಧ ಇಂಚಿಗೊಂದರಂತೆ ನಿಲ್ಲುತ್ತದೆ. ಪದ ಉದ್ದವಾದರೆ ಮುಂದಿನ ನಿಲ್ದಾಣಕ್ಕೆ ಜಿಗಿಯುತ್ತದೆ. ಎಲ್ಲಿ ನಿಲ್ಲಬೇಕೆಂದು ಗುರುತು ಹಾಕುವ ಜಾಗ ಮೇಲಿನ ರೂಲರಿನಲ್ಲಿದೆ, ಆದರೆ ಆ ಗುರುತು ಎಳ್ಳಷ್ಟು. ಸಾಫ್ಟ್‌ವೇರ್ ಬರೆದವರಿಗೆ ಚಾಳೀಸು ಬಂದಿರಲಿಲ್ಲವೆಂದು ನನ್ನ ಗುಮಾನಿ. ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ವಂಶವೃಕ್ಷದ ಟೇಬಲ್ಲಿನಲ್ಲಿ. ಕೊನೆಯ ಮನೆಯಲ್ಲಿ ಟ್ಯಾಬ್ ಒತ್ತಿದ್ದೇ ತಡ, ಕೆಳಗೆ ಹೊಸ ಸಾಲೊಂದು ಹುಟ್ಟಿ, ತಾನೇ ಕ್ರಮಸಂಖ್ಯೆ 5 ಹಾಕಿಕೊಂಡು ಕೂತಿತಂತೆ. ಆಸ್ತಿ ಭಾಗಕ್ಕೆ ಬಂದಿದ್ದ ನಾಲ್ವರು ಅಣ್ಣತಮ್ಮಂದಿರು ಐದನೆಯವನು ಯಾರೆಂದು ಅಪ್ಪನನ್ನೇ ತಿರುಗಿ ನೋಡಿದರಂತೆ.

“ಅದಕ್ಕೆ ಸ್ವಂತ ಬುದ್ಧಿ ಐತೆ ಸಾರ್, ನಮಗೆ ಸ್ವಂತ ಬುದ್ಧಿ ಇರೋ ಕೀಲಿ ಬ್ಯಾಡ,” ಎನ್ನುತ್ತಾರೆ ಅಣ್ಣ.

ಲಗ್ನಪತ್ರಿಕೆಯ ಕಾಲ ಬಂದರೆ ನೋಡಬೇಕು. ಎಡಕ್ಕೆ ಗಂಡಿನ ಕಡೆ, ಬಲಕ್ಕೆ ಹೆಣ್ಣಿನ ಕಡೆ, ನಡುವೆ ಬರೀ ಸ್ಪೇಸಿನ ಸೇತುವೆ. ಪ್ರೂಫ್ ನೋಡಲು ಬಂದ ಗಂಡಿನ ಸೋದರಮಾವ ತಮ್ಮ ಹೆಸರಿನ ಮುಂದೆ ‘ನಿವೃತ್ತ ಮುಖ್ಯೋಪಾಧ್ಯಾಯರು’ ಸೇರಿಸಿ ಎನ್ನುತ್ತಾರೆ. ಸೇರಿಸಿದ ಕ್ಷಣವೇ ಅದೇ ಸಾಲಿನಲ್ಲಿದ್ದ ಹೆಣ್ಣಿನ ಅಪ್ಪ ಕೆಳಗುರುಳಿ ಗಂಡಿನ ಪಾಳಯ ಸೇರುತ್ತಾರೆ. ಅವರನ್ನು ಹಿಂದಕ್ಕೆ ಕರೆತರುವಷ್ಟರಲ್ಲಿ ಎರಡು ಕಾಫಿ ಆಗಿರುತ್ತದೆ.

ಅಂಗಡಿಗೆ ಹೊಸದಾಗಿ ಸೇರಿದ ಡಿಪ್ಲೊಮಾ ಹುಡುಗ ಒಮ್ಮೆ ಅಣ್ಣನ ಫೈಲ್ ತೆರೆದು, ಅಡಗಿದ ಗುರುತುಗಳನ್ನು ತೋರಿಸುವ ಬಟನ್ ಒತ್ತಿದ. ಸ್ಪೇಸಿಗೊಂದರಂತೆ ಪರದೆ ತುಂಬ ಚುಕ್ಕಿ. ಹುಡುಗ ಬೆಚ್ಚಿಬಿದ್ದ. ಅಣ್ಣ ಎದೆಯುಬ್ಬಿಸಿದರು: “ನೋಡ್ಕೊ, ಅಷ್ಟೂ ಕೈಯಾಗೆ ಹೊಡೆದಿದ್ದು.”

ಹುಡುಗ ಸುಮ್ಮನಿರಲಾರದೆ ಚುಕ್ಕಿಗಳನ್ನೆಲ್ಲ ಅಳಿಸಿ, ಸಾಲಿಗೊಂದು ಟ್ಯಾಬ್ ಒತ್ತಿ, ಎಲ್ಲ ಸಾಲುಗಳನ್ನೂ ಸೆಲೆಕ್ಟ್ ಮಾಡಿ ರೂಲರಿನಲ್ಲಿ ಒಂದು ಗುರುತಿಟ್ಟು ಎಳೆದ. ಕೋಲನ್‌ಗಳೆಲ್ಲ ಒಟ್ಟಿಗೆ ಬಲಕ್ಕೆ ಸರಿದವು. ಎದುರಿಗಿದ್ದ ಗಿರಾಕಿ ಅನುಮಾನದಿಂದ ಕೇಳಿದ: “ಇಷ್ಟೇನಾ? ಇದಕ್ಕೂ ಪೇಜಿಗೆ ಅಷ್ಟೇ ದುಡ್ಡಾ?”

ಅಣ್ಣ ಹುಡುಗನ ಕೈಯಿಂದ ಮೌಸ್ ಇಸಿದುಕೊಂಡರು.